ರಾಜ ಇದ್ದೂ ಇಲ್ಲದ ದಿನ

‘ರಾಜ ಇದ್ದ ಮೇಲೆ ಪ್ರಧಾನಿ ಯಾಕೆ? ಪ್ರಧಾನಿ ಇದ್ದ ಮೇಲೆ ರಾಜ ಯಾಕೆ?’ ಬ್ರಿಟನ್ನಿನದೋ ಜಪಾನಿನದೋ ಸುದ್ದಿ ಬಂದಾಗಲೆಲ್ಲ ಯಾರಾದರೂ ಇದನ್ನು ಕೇಳುತ್ತಾರೆ. ಪಠ್ಯಪುಸ್ತಕದ ಉತ್ತರ ಚಿಕ್ಕದು: ಸಿಂಹಾಸನ ರಾಜನದು, ಆಡಳಿತ ಮಂತ್ರಿಗಳದು. ಸರಿ, ಆದರೆ ಆ ಸಿಂಹಾಸನದ ಮೇಲೆ ಕೂತಿರೋದೂ ಒಬ್ಬ ಮನುಷ್ಯನೇ ಅಲ್ವಾ? ಅವನ ಮನಸ್ಸು ಬೇಡ ಅಂದರೆ ಏನಾಗುತ್ತೆ? ಇದಕ್ಕೆ ಬೆಲ್ಜಿಯಂನ ಕಥೆಗಿಂತ ಒಳ್ಳೆಯ ಉತ್ತರ ನನಗೆ ಸಿಕ್ಕಿಲ್ಲ.

ಅಲ್ಲಿ ಸಂಸತ್ತು ಒಪ್ಪಿದ ಮಸೂದೆ ಕಾನೂನಾಗಬೇಕಾದರೆ ರಾಜನ ಅಂಕಿತ ಬೇಕು, ನಮ್ಮಲ್ಲಿ ರಾಷ್ಟ್ರಪತಿಗಳದು ಬೇಕಲ್ಲ, ಹಾಗೆ. ಆದರೆ ರಾಜನ ಸಹಿಯೊಂದೇ ನಡೆಯೋದಿಲ್ಲ. ಜೊತೆಗೆ ಒಬ್ಬ ಮಂತ್ರಿಯೂ ಸಹಿ ಹಾಕಬೇಕು. ನಾಳೆ ಸಂಸತ್ತಿಗೆ ಉತ್ತರ ಕೊಡುವವರು ಆ ಮಂತ್ರಿಯೇ. ರಾಜನನ್ನು ಯಾರೂ ಕೇಳುವಂತಿಲ್ಲ, ಏಕೆಂದರೆ ತೀರ್ಮಾನ ಅವನದಲ್ಲ.

1990ರ ಮಾರ್ಚ್ ಕೊನೆಯಲ್ಲಿ, ಕೆಲವು ಷರತ್ತುಗಳೊಂದಿಗೆ ಗರ್ಭಪಾತಕ್ಕೆ ಅವಕಾಶ ಕೊಡುವ ಮಸೂದೆಯನ್ನು ಬೆಲ್ಜಿಯಂ ಸಂಸತ್ತು ಒಪ್ಪಿತು. ರಾಜ ಬೋದುವೆನ್ ಕಟ್ಟಾ ಕ್ಯಾಥೊಲಿಕ್. 1951ರಿಂದ ಮುಂದಿಟ್ಟ ಕಾಗದಕ್ಕೆಲ್ಲ ಸಹಿ ಹಾಕುತ್ತ ಬಂದವನು ಈ ಸಲ ಪ್ರಧಾನಿ ವಿಲ್ಫ್ರೆಡ್ ಮಾರ್ಟೆನ್ಸ್‌ಗೆ ಪತ್ರ ಬರೆದ: ನನ್ನ ಆತ್ಮಸಾಕ್ಷಿ ಒಪ್ಪುತ್ತಿಲ್ಲ, ಹಾಗಂತ ಸಂಸತ್ತಿನ ಕೆಲಸ ನನ್ನಿಂದ ನಿಲ್ಲಬಾರದು, ದಾರಿ ಹುಡುಕಿ. ದೇಶದ ಎಲ್ಲರಿಗೂ ಇರುವ ಆತ್ಮಸಾಕ್ಷಿಯ ಸ್ವಾತಂತ್ರ್ಯ ರಾಜನೊಬ್ಬನಿಗೆ ಇಲ್ಲವೇ ಎಂಬ ಪ್ರಶ್ನೆಯೂ ಅದರಲ್ಲಿತ್ತು.

ಮಾರ್ಟೆನ್ಸ್ ಪಕ್ಷವೂ ಆ ಮಸೂದೆಗೆ ವಿರುದ್ಧವೇ ಮತ ಹಾಕಿತ್ತು. ಬೇಕಿದ್ದರೆ ರಾಜನ ಹೆಸರು ಹೇಳಿ ಮಸೂದೆಯನ್ನು ಮೂಲೆಗೆ ತಳ್ಳಬಹುದಿತ್ತು. ತಳ್ಳಲಿಲ್ಲ. ಸಂವಿಧಾನದಲ್ಲಿ ಒಂದು ವಿಧಿ ಇತ್ತು: ರಾಜ ಆಳಲು ಅಸಮರ್ಥನಾದರೆ ಮಂತ್ರಿಮಂಡಲ ಅವನ ಅಧಿಕಾರ ಚಲಾಯಿಸಬಹುದು. ಅದು ಕಾಯಿಲೆ, ಸೆರೆಯಂಥ ಸಂದರ್ಭಕ್ಕೆ ಇದ್ದದ್ದು. 1940ರಲ್ಲಿ ಬೋದುವೆನ್‌ನ ಅಪ್ಪ ಮೂರನೇ ಲಿಯೊಪೋಲ್ಡ್ ಜರ್ಮನ್ನರ ಕೈಗೆ ಸಿಕ್ಕಾಗ ಇದನ್ನೇ ಬಳಸಿದ್ದರು. ಈಗ ಮಗನ ಸರದಿ. ಏಪ್ರಿಲ್ ಮೊದಲ ವಾರದ ಒಂದು ರಾತ್ರಿ ಮಂತ್ರಿಗಳು ರಾಜ ಅಸಮರ್ಥ ಅಂತ ಘೋಷಿಸಿದರು, ತಾವೇ ಸಹಿ ಹಾಕಿ ಕಾನೂನು ಹೊರಡಿಸಿದರು. ಏಪ್ರಿಲ್ 5ರಂದು ಎರಡೂ ಸದನಗಳು ಒಟ್ಟಿಗೆ ಸೇರಿ ಅವನನ್ನು ಮತ್ತೆ ಪಟ್ಟಕ್ಕೆ ಕೂರಿಸಿದವು. ಪರ 245, ವಿರುದ್ಧ ಸೊನ್ನೆ, ತಟಸ್ಥರು 93.

ಹಾವೂ ಸಾಯಲಿಲ್ಲ, ಕೋಲೂ ಮುರಿಯಲಿಲ್ಲ ಅಂತ ನಗಬಹುದು. ಆದರೆ ಆ 93 ಮಂದಿಯ ಅನುಮಾನ ಸುಳ್ಳಲ್ಲ ಅನ್ನಿಸುತ್ತೆ ನನಗೆ. ಹಿಡಿಸದ ಕಾನೂನು ಬಂದಾಗಲೆಲ್ಲ ರಾಜ ಎರಡು ದಿನ ಕೆಳಗಿಳಿಯಬಹುದು ಅಂದರೆ, ಅವನು ಇಳಿಯದೆ ಹಾಕಿದ ಪ್ರತಿ ಸಹಿಯೂ ‘ನನಗೆ ಇದು ಒಪ್ಪಿಗೆ’ ಅಂದ ಹಾಗಾಗುತ್ತೆ. ಆಗ ಅವನೂ ಒಬ್ಬ ರಾಜಕಾರಣಿಯೇ, ಯಾರೂ ಆರಿಸದ ರಾಜಕಾರಣಿ.

ಪಕ್ಕದ ಪುಟ್ಟ ಲಕ್ಸೆಂಬರ್ಗ್ ಹಿಡಿದದ್ದು ಬೇರೆ ದಾರಿ. 2008ರಲ್ಲಿ ಅಲ್ಲಿನ ಗ್ರ್ಯಾಂಡ್ ಡ್ಯೂಕ್ ಹೆನ್ರಿ ದಯಾಮರಣದ ಕಾನೂನನ್ನು ಒಪ್ಪಲಾರೆ ಅಂದ. ಈ ಹೆನ್ರಿ ಬೇರೆ ಯಾರೂ ಅಲ್ಲ, ಬೋದುವೆನ್‌ನ ಅಕ್ಕನ ಮಗ! ಸಂಸತ್ತು ಅವನನ್ನು ಕೆಳಗಿಳಿಸಲಿಲ್ಲ. ಸಂವಿಧಾನದಲ್ಲಿ ‘ಕಾನೂನನ್ನು ಒಪ್ಪಿ ಹೊರಡಿಸುತ್ತಾನೆ’ ಎಂದಿದ್ದ ಕಡೆ ‘ಒಪ್ಪಿ’ ಅನ್ನೋದನ್ನು 2009ರಲ್ಲಿ ತೆಗೆದುಹಾಕಿತು. ‘ಹೊರಡಿಸುತ್ತಾನೆ’ ಮಾತ್ರ ಉಳಿಯಿತು.

ಮಾವನನ್ನು ಎರಡು ದಿನ ಅಸಮರ್ಥ ಅಂದರು, ಅಳಿಯನಿಂದ ಒಪ್ಪುವ ಅಧಿಕಾರವನ್ನೇ ಶಾಶ್ವತವಾಗಿ ಕಸಿದುಕೊಂಡರು. ಆದರೆ ನನ್ನ ಲೆಕ್ಕದಲ್ಲಿ ಹೆಚ್ಚು ಸ್ವತಂತ್ರ ಅಳಿಯನೇ. ಆಮೇಲೆ ಅವನ ಸಹಿಗೆ ‘ನಾನು ಒಪ್ಪಿದೆ’ ಅನ್ನೋ ಅರ್ಥವೇ ಇರಲಿಲ್ಲ. ಅವನ ಮನಸ್ಸು ಅವನದು, ಕಾನೂನು ಜನರದು.