ಬಾವಿಗೆ ಬೀಳದವಳು

ನಮ್ಮೂರ ಅರಳಿಕಟ್ಟೆಯಲ್ಲಿ, ಗಂಡನನ್ನ ಬಿಟ್ಟು ಇನ್ನೊಬ್ಬನ ಜೊತೆ ಹೋದ ಹೆಂಗಸಿನ ಕಥೆಗೆ ಕೊನೆ ಒಂದೇ: ಬಾವಿಗೆ ಬಿದ್ಲಂತೆ. ಬಿಇ ಓದೋಕೆ ಪೇಟೆಗೆ ಬಂದು ಕಾದಂಬರಿ ಹಿಡಿದರೆ ಅಲ್ಲೂ ಅದೇ. ಫ್ಲೊಬೇರನ ಎಮ್ಮಾ ವಿಷ ತಿಂದಳು, ಟಾಲ್‌ಸ್ಟಾಯ್‌ನ ಅನ್ನಾ ರೈಲಿಗೆ ಬಿದ್ದಳು.

ಬೇರೆ ಕೊನೆ ಸಿಕ್ಕಿದ್ದು ಒಂದು ಪುಟ್ಟ ಕಥೆಯಲ್ಲಿ. ಅಮೆರಿಕದ ಕೇಟ್ ಶೋಪಾನ್ 1898ರಲ್ಲಿ ಬರೆದ ‘ದ ಸ್ಟಾರ್ಮ್’. ಲೂಯಿಸಿಯಾನಾದ ಹಳ್ಳಿಮನೆ. ಗಂಡ, ಮಗ ಅಂಗಡಿಗೆ ಹೋದಾಗ ಬಿರುಮಳೆ. ಮದುವೆಗೆ ಮುಂಚಿನ ಗೆಳೆಯ ಆಸರೆಗೆ ಬರುತ್ತಾನೆ, ಇಬ್ಬರೂ ಕೂಡುತ್ತಾರೆ. ಮಳೆ ನಿಂತಮೇಲೆ ಕ್ಯಾಲಿಕ್ಸ್ಟಾ ಸಾಯಲ್ಲ, ಅಳೋದೂ ಇಲ್ಲ. ಗಂಡ ತಂದ ಸೀಗಡಿ ಡಬ್ಬಿ ನೋಡಿ ಹಿಗ್ಗುತ್ತಾಳೆ. ಮೂವರೂ ನಗ್ತಾ ಊಟಕ್ಕೆ ಕೂರುತ್ತಾರೆ.

ಶೋಪಾನ್ ಅದನ್ನು ಯಾವ ಪತ್ರಿಕೆಗೂ ಕಳಿಸಲಿಲ್ಲ. ಮರುವರ್ಷ ‘ದಿ ಅವೇಕನಿಂಗ್’ ಕಾದಂಬರಿಯಲ್ಲಿ ನಾಯಕಿಯನ್ನು ಸಮುದ್ರಕ್ಕೆ ಕಳಿಸಿದರೂ ವಿಮರ್ಶಕರು ಬೈದರು. 1904ರಲ್ಲಿ ಅವರು ತೀರಿಕೊಂಡರು. ಈ ಕಥೆ ಅಚ್ಚಾಗಿದ್ದು 1969ರಲ್ಲಿ.

ಕಟ್ಟೆಯ ಕಥೆಯಲ್ಲಿ ಬಾವಿಗೆ ಬಿದ್ದಿದ್ದ ಒಬ್ಬ ಅಕ್ಕನನ್ನು ನಾನು ಪಕ್ಕದ ತಾಲ್ಲೂಕಿನ ಸಂತೆಯಲ್ಲಿ ನೋಡಿದೆ. ಸೊಪ್ಪು ಮಾರ್ತಿದ್ರು. ಗುರುತು ಹಿಡಿದು, ‘ಅವ್ವ ಹೆಂಗವ್ಳಪ್ಪಾ?’ ಅಂದ್ರು. ಊರಲ್ಲಿ ಹೇಳಿದೆ. ಯಾರೂ ನಂಬಲಿಲ್ಲ.