ಎಲೆ ಕಳಚುವ ಕ್ರಮ: ಸ್ತನ ಕ್ಯಾನ್ಸರಿನಲ್ಲಿ ಜೀವಕೋಶಗಳ ನಿಯಮಬದ್ಧ ಸಾವು

ಸೊರಬ, ಶಿಕಾರಿಪುರದ ಕಡೆ ಬೇಸಿಗೆಗೆ ಮುನ್ನ ಕಾಡಿನಲ್ಲಿ ದರಗು ಗುಡಿಸುವವರು ಒಂದು ಸಂಗತಿ ಬಲ್ಲರು. ಗಾಳಿಗೆ ಮುರಿದು ಜೋತುಬಿದ್ದ ಟೊಂಗೆಯ ಎಲೆ ಒಣಗಿ ಸುರುಟಿಕೊಂಡರೂ ಬೇಗ ಉದುರುವುದಿಲ್ಲ. ಎಲೆ ಕಳಚುವುದು ಜೀವಂತ ಮರದ ಕೆಲಸ. ತೊಟ್ಟಿನ ಬುಡದ ಪದರವನ್ನು ಮರವೇ ಸಡಿಲಿಸುತ್ತದೆ. 1972ರಲ್ಲಿ ಕೆರ್, ವೈಲಿ ಮತ್ತು ಕರಿ ಜೀವಕೋಶದ ಕ್ರಮಬದ್ಧ ಸಾವನ್ನು 'ಅಪೊಪ್ಟೋಸಿಸ್' ಎಂದು ಕರೆದಾಗ, ಎಲೆ ಉದುರುವುದನ್ನು ಸೂಚಿಸುವ ಗ್ರೀಕ್ ಪದವನ್ನೇ ಆರಿಸಿಕೊಂಡರು.

ಮಗು ಮೊಲೆ ಬಿಟ್ಟ ಮೇಲೆ ಹಾಲೂಡುತ್ತಿದ್ದ ಕೋಶಗಳಲ್ಲಿ ಬಹುಪಾಲು ಹೀಗೆಯೇ ಕಳಚಿಹೋಗುತ್ತವೆ. ಹೀಗೆ ಕಳಚಿಹೋಗುವ ಶಕ್ತಿ ಕುಂದಿದ ಕೋಶಗಳು ಉಳಿದು ಗಡ್ಡೆಯಾಗಿ ಬೆಳೆಯಬಲ್ಲವು. ಡಿಎನ್‌ಎ ಕೆಟ್ಟ ಕೋಶವನ್ನು ಸಾವಿನತ್ತ ನಡೆಸುವ ಪಿ53 ವಂಶವಾಹಿ, 2012ರ ಕ್ಯಾನ್ಸರ್ ಜೀನೋಮ್ ಅಟ್ಲಾಸ್ ಅಧ್ಯಯನದ ಸ್ತನ ಗಡ್ಡೆಗಳಲ್ಲಿ ಶೇ. 37ರಷ್ಟರಲ್ಲಿ ಕೆಟ್ಟಿತ್ತು, ಬೇಸಲ್ ಎಂಬ ಬಗೆಯ ಗಡ್ಡೆಗಳಲ್ಲಿ ಶೇ. 80ರಷ್ಟರಲ್ಲಿ. ಆದರೆ ಲೆಕ್ಕ ಎಲ್ಲೆಡೆ ಇಷ್ಟು ಸರಳವಲ್ಲ. ಬಿಸಿಎಲ್-2 ಪ್ರೋಟೀನು ಸಾವನ್ನು ತಡೆಯುತ್ತದೆ. ಆದರೂ ಸ್ತನ ಕ್ಯಾನ್ಸರಿನಲ್ಲಿ ಅದು ಹೆಚ್ಚಿದ್ದರೆ ಸಾಮಾನ್ಯವಾಗಿ ರೋಗಿಗೆ ಒಳ್ಳೆಯ ಲಕ್ಷಣ. ಅದನ್ನು ಹೆಚ್ಚಿಸುವುದು ಈಸ್ಟ್ರೊಜೆನ್, ಮತ್ತು ಈಸ್ಟ್ರೊಜೆನ್ ಗ್ರಾಹಕವುಳ್ಳ ಗಡ್ಡೆಗಳು ಟ್ಯಾಮೊಕ್ಸಿಫೆನ್‌ನಂಥ ಔಷಧಕ್ಕೆ ಬಗ್ಗುತ್ತವೆ.

ನಮ್ಮ ಪಶ್ಚಿಮಘಟ್ಟಕ್ಕೂ ಈ ಕಥೆಯಲ್ಲಿ ಪಾಲಿದೆ. ಇಲ್ಲಿನ ನೊಥಪೊಡೈಟಿಸ್ ನಿಮ್ಮೋನಿಯಾನ ಮರದಲ್ಲಿ ಕ್ಯಾಂಪ್ಟೊಥೆಸಿನ್ ಎಂಬ ರಾಸಾಯನಿಕವಿದೆ. ಇದನ್ನು 1966ರಲ್ಲಿ ವಾಲ್ ಮತ್ತು ವಾನಿ ಚೀನಾ ಮೂಲದ ಬೇರೊಂದು ಮರದಿಂದ ಬೇರ್ಪಡಿಸಿದ್ದರು. ಇದು ಟೊಪೊಐಸೊಮರೇಸ್-1 ಕಿಣ್ವವನ್ನು ಡಿಎನ್‌ಎಗೆ ಸಿಕ್ಕಿಸಿಬಿಡುತ್ತದೆ. ವಿಭಜನೆಗೆ ಹೊರಟ ಕೋಶದ ಡಿಎನ್‌ಎ ಎಳೆ ತುಂಡಾಗಿ ಸಾವಿನ ಕ್ರಮ ಶುರುವಾಗುತ್ತದೆ. ಇದೇ ಮನೆತನದ ಎಸ್‌ಎನ್-38ನ್ನು ಪ್ರತಿಕಾಯಕ್ಕೆ ಕಟ್ಟಿದ ಸಾಸಿಟುಜುಮ್ಯಾಬ್ ಗೊವಿಟೆಕಾನ್‌ಗೆ 2020ರಲ್ಲಿ ಅಮೆರಿಕ ಟ್ರಿಪಲ್ ನೆಗೆಟಿವ್ ಎಂಬ ಬಗೆಯ ಸ್ತನ ಕ್ಯಾನ್ಸರಿಗಾಗಿ ಅನುಮತಿ ಕೊಟ್ಟಿತು. ಕ್ಯಾಂಪ್ಟೊಥೆಸಿನ್‌ಗಾಗಿ ಘಟ್ಟದ ಮರಗಳನ್ನು ಮಿತಿಯಿಲ್ಲದೆ ಕಡಿದು ಸಾಗಿಸಿದ್ದು ನೋವಿನ ಸಂಗತಿ.

ಮಲೆನಾಡಿನ ಸಸ್ಯಗಳನ್ನು ಪರೀಕ್ಷಿಸುವವರಿಗೆ ಒಂದು ಮಾತು ಹೇಳಲೇಬೇಕು. ಸಸ್ಯಸಾರ ಬಿದ್ದು ಕೋಶ ಸತ್ತಿತೆಂದರೆ ಸಾಲದು. ಸುಣ್ಣ ಹಾಕಿದರೂ ಸಾಯುತ್ತದೆ; ಆ ಸಾವು ಕ್ರಮಬದ್ಧವೇ ಎಂದು ತೋರಿಸಬೇಕು. ಪ್ರಯೋಗಾಲಯಗಳಲ್ಲಿ ಹೆಚ್ಚು ಬಳಕೆಯಲ್ಲಿರುವ ಎಂಸಿಎಫ್-7 ಎಂಬ ಸ್ತನ ಕ್ಯಾನ್ಸರ್ ಕೋಶಗಳಲ್ಲಿ ಅಪೊಪ್ಟೋಸಿಸ್‌ನ ಮುಖ್ಯ ಕತ್ತರಿಯಾದ ಕ್ಯಾಸ್ಪೇಸ್-3 ಇಲ್ಲವೆಂದು 1998ರಲ್ಲೇ ತಿಳಿದುಬಂದಿದೆ. ಅವುಗಳಲ್ಲಿ ಕ್ಯಾಸ್ಪೇಸ್-3 ಚುರುಕಾಯಿತೆಂಬ ವರದಿ ಕಂಡರೆ ಮೊದಲು ಕೋಶಗಳ ಗುರುತನ್ನೇ ಪರೀಕ್ಷಿಸಬೇಕು. ಅದೇ ಸಾರವನ್ನು ಟಿ47ಡಿ, ಎಂಡಿಎ-ಎಂಬಿ-231 ಎಂಬ ಬೇರೆ ಸ್ತನ ಕ್ಯಾನ್ಸರ್ ಕೋಶಗಳ ಮೇಲೂ, ಜೊತೆಗೆ ಆರೋಗ್ಯವಂತ ಸ್ತನಕೋಶಗಳ ಮೇಲೂ ಹಾಕಿ ನೋಡಬೇಕು.