ಬ್ಯಾರನ್ ಕೊಳವೆಗೆ ಮೇಸ್ತ್ರಿ ಯಾರು?

ಬಿಳಿಕೆರೆಯ ಸುತ್ತಮುತ್ತಲ ಹೊಲಗಳ ನಡುವೆ ಮನೆಗಿಂತ ಎತ್ತರದ, ಆದರೆ ಮನೆಯಲ್ಲದ ಕಟ್ಟಡಗಳು ಕಾಣಸಿಗುತ್ತವೆ. ಅವು ವರ್ಜೀನಿಯಾ ಹೊಗೆಸೊಪ್ಪನ್ನು ಹದಮಾಡುವ ಬ್ಯಾರನ್‌ಗಳು. ಹುಣಸೂರು, ಪಿರಿಯಾಪಟ್ಟಣ, ಎಚ್.ಡಿ. ಕೋಟೆ, ಕೆ.ಆರ್. ನಗರ ಸೀಮೆಯ ಬೆಳೆಗಾರನ ವರ್ಷದ ಗಳಿಕೆ ಈ ನಾಲ್ಕು ಗೋಡೆಗಳ ಒಳಗಿನ ಗಾಳಿಯನ್ನು ಅವಲಂಬಿಸಿದೆ. ಆ ಗಾಳಿಯನ್ನು ಬಿಸಿ ಮಾಡುವ ತಗಡಿನ ಕೊಳವೆಗೆ ತುಕ್ಕು ಹಿಡಿದಾಗ ಹೊಸದನ್ನು ಕೂರಿಸುವ ಕೆಲಸ ಯಾರಿಗೆ ಒಪ್ಪಿಸಬೇಕೆಂಬುದು ಬೀಜ, ಗೊಬ್ಬರದಷ್ಟೇ ಮುಖ್ಯವಾದ ಪ್ರಶ್ನೆ.

ಈ ವಿಧಾನದ ಮೂಲ ಅಮೆರಿಕದಲ್ಲಿದೆ. 1839ರಲ್ಲಿ ಉತ್ತರ ಕರೊಲಿನಾದ ಸ್ಲೇಡ್ ಎಂಬ ಜಮೀನ್ದಾರನ ಗುಲಾಮ ಸ್ಟೀಫನ್, ಕಾವಲಿನ ರಾತ್ರಿ ನಿದ್ದೆಹೋದನಂತೆ. ಎಚ್ಚರವಾದಾಗ ಬೆಂಕಿ ಆರುತ್ತಿತ್ತು. ಗಾಬರಿಯಿಂದ ಇದ್ದಿಲು ಸುರಿದ. ಹಠಾತ್ ಶಾಖಕ್ಕೆ ಎಲೆ ಹೊಂಬಣ್ಣಕ್ಕೆ ತಿರುಗಿತು ಎಂಬುದು ಪ್ರಚಲಿತ ಕಥೆ. ಲಾಭ ಒಡೆಯನಿಗೇ ಹೋಯಿತೆಂದು ಬೇರೆ ಹೇಳಬೇಕಿಲ್ಲ. ಮುಂದೆ ಒಲೆಯನ್ನು ಹೊರಗಿಟ್ಟು, ಶಾಖವನ್ನು ಮಾತ್ರ ಕೊಳವೆಯಲ್ಲಿ ಒಳಗೆ ಹರಿಸುವ ಕ್ರಮ ಬಂತು.

ಎಲೆ ಮೊದಲು ಹಳದಿಯಾಗಬೇಕು; ಆಗ ಶಾಖ ಕಡಿಮೆ, ತೇವ ಹೆಚ್ಚು. ಬಣ್ಣ ನಿಂತ ಮೇಲೆ ಶಾಖವನ್ನು ಮೆಲ್ಲಗೆ ಏರಿಸಿ, ಕೊನೆಗೆ ದಂಟು ಒಣಗಲು ಸುಮಾರು 70 ಡಿಗ್ರಿ ಸೆಲ್ಸಿಯಸ್‌ವರೆಗೆ ಒಯ್ಯುತ್ತಾರೆ. ಕೆಳಗಿನ ಗವಾಕ್ಷಿಯಿಂದ ಹೊಸ ಗಾಳಿ ಬರಬೇಕು, ಮೇಲಿನದರಿಂದ ತೇವ ಹೋಗಬೇಕು. ಅವಸರವಾದರೆ ಎಲೆ ಹಸಿರಾಗಿಯೇ ಉಳಿಯುತ್ತದೆ, ತಡವಾದರೆ ಕಂದಾಗುತ್ತದೆ.

ಗಾಳಿಯ ತೇವವನ್ನು ಅಂಕೆಯಲ್ಲಿಡುವ ಈ ಹಂಬಲವೇ ಹವಾನಿಯಂತ್ರಣ ಯಂತ್ರಕ್ಕೂ ಜನ್ಮ ಕೊಟ್ಟಿತು. 1902ರಲ್ಲಿ ವಿಲ್ಲಿಸ್ ಕ್ಯಾರಿಯರ್ ತನ್ನ ಮೊದಲ ಏರ್ಪಾಟನ್ನು ರೂಪಿಸಿದ್ದು ಜನರ ಸುಖಕ್ಕಲ್ಲ, ನ್ಯೂಯಾರ್ಕಿನ ಬ್ರೂಕ್ಲಿನ್‌ನ ಮುದ್ರಣಾಲಯವೊಂದರಲ್ಲಿ ಕಾಗದ ಹಿಗ್ಗಿ ಕುಗ್ಗಿ ಬಣ್ಣ ತಪ್ಪುತ್ತಿದ್ದುದಕ್ಕೆ. ಇಂದು ಮನೆಯ ಯಂತ್ರವನ್ನು ಅಳೆಯುವ ‘ಟನ್’ ಕೂಡ ಮಂಜುಗಡ್ಡೆ ಯುಗದ ಲೆಕ್ಕ: ಒಂದು ಅಮೆರಿಕನ್ ಟನ್ ಮಂಜುಗಡ್ಡೆ 24 ಗಂಟೆಯಲ್ಲಿ ಕರಗುವಾಗ ಹೀರುವ ಶಾಖ. ಹಳೆಯದು ಒಂದೂವರೆ ಟನ್ ಇತ್ತೆಂದು ಕೋಣೆಯನ್ನೇ ನೋಡದೆ ಹೊಸದಕ್ಕೂ ಅದೇ ಅಳತೆ ಹೇಳುವ ಗುತ್ತಿಗೆದಾರ, ಬ್ಯಾರನ್ ಒಳಹೊಕ್ಕು ನೋಡದೆ ದರ ಹೇಳುವ ಮೇಸ್ತ್ರಿಯ ನೆಂಟನೇ ಸರಿ.

ಬ್ಯಾರನ್ ವಿಷಯದಲ್ಲಿ ಅಗ್ಗದ ಕೆಲಸದ ಗುಟ್ಟು ಬಹುಮಟ್ಟಿಗೆ ತೆಳು ತಗಡು. ಅದು ಬೇಗ ತೂತು ಬೀಳುತ್ತದೆ. ಬೆಸುಗೆ ಬಿಟ್ಟರೆ ಹೊಗೆ ಎಲೆಗೆ ಅಂಟುತ್ತದೆ. ಕಿಡಿ ಹಾರಿದರೆ, ಅಥವಾ ಒಣಗಿದ ಎಲೆ ಕಾದ ಕೊಳವೆಯ ಮೇಲೆ ಬಿದ್ದರೆ, ಬೆಳೆಯೊಂದಿಗೆ ಬ್ಯಾರನ್ನೂ ಬೂದಿ. ಕೊಳವೆಯ ಮೇಲೆ ತಂತಿಬಲೆ ಹಾಕಿಸುವುದು ಇದಕ್ಕೇ. ಕೊಳವೆ ಒಲೆಯಿಂದ ಚಿಮಣಿಯತ್ತ ಕೊಂಚ ಏರುತ್ತ ಹೋಗಬೇಕೆಂಬುದನ್ನು ಅರಿಯದವನಿಗೆ ಕೆಲಸ ಕೊಟ್ಟರೆ ಸೌದೆಯ ಖರ್ಚೂ ಏರುತ್ತದೆ. ಸೌದೆಗಾಗಿ ಬಿದ್ದ ಮರಗಳ ಲೆಕ್ಕ ಬೇರೆಯೇ ಇದೆ.

1976ರಲ್ಲಿ ತಂಬಾಕು ಮಂಡಳಿ ಅಸ್ತಿತ್ವಕ್ಕೆ ಬಂತು. 1984ರಲ್ಲಿ ಕರ್ನಾಟಕದಲ್ಲಿ ಅದರ ಹರಾಜು ಆರಂಭವಾಯಿತು. ಅಲ್ಲಿ ದರ್ಜೆ ನೋಡಿ ಬೆಲೆ ಕಟ್ಟುತ್ತಾರೆ. ಹೊಗೆ ಕುಡಿದ ಎಲೆಗೆ ಕರುಣೆ ಇಲ್ಲ. ಹಾಗಾಗಿ ಜಾಣ ಬೆಳೆಗಾರ ಎಲೆ ಮುರಿಯುವ ಕಾಲಕ್ಕೆ ಮುನ್ನವೇ, ಪೂರ್ತಿ ಕೂಲಿ ಎಣಿಸುವ ಮೊದಲು, ಖಾಲಿ ಬ್ಯಾರನ್‌ಗೆ ಒಮ್ಮೆ ಬೆಂಕಿ ಹಾಕಿಸಿ, ಬಾಗಿಲು ಮುಚ್ಚಿ ಒಳಗೆ ನಿಂತು ಹೊಗೆ ಎಲ್ಲಿ ಸೋರುತ್ತದೆಂದು ಮೇಸ್ತ್ರಿಗೇ ತೋರಿಸುತ್ತಾನೆ.